ಮಡಿಕೇರಿಯ ವಾರ ಕೊಟ್ಟು ಬಾಲಿಯ ವಾರ: ಟೈಮ್‌ಶೇರ್ ವಿನಿಮಯದಲ್ಲಿ ನಿಮ್ಮ ಹಕ್ಕು ಎಲ್ಲಿಯವರೆಗೆ?

ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಒಂದು ಚೀಟಿ ತುಂಬಿಸಿಕೊಳ್ಳುತ್ತಾರೆ. ವಾರದೊಳಗೆ ಫೋನ್ ಬರುತ್ತದೆ: ‘ನಿಮಗೆ ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬಂದು ತೆಗೆದುಕೊಂಡು ಹೋಗಿ.’ ಹೋಟೆಲಿನ ಹಾಲ್‌ನಲ್ಲಿ ಎರಡು ತಾಸು ಮಾತಾಡಿದ ಮೇಲೂ ದಂಪತಿ ಹಿಂದೆ ಮುಂದೆ ನೋಡುತ್ತಿದ್ದರೆ, ಮಾರುವವರು ಪ್ರಪಂಚದ ಭೂಪಟ ಬಿಚ್ಚುತ್ತಾರೆ. ‘ಪ್ರತಿವರ್ಷ ಕೊಡಗಿಗೇ ಹೋಗಬೇಕೆಂದೇನೂ ಇಲ್ಲ ಸರ್. ನಿಮ್ಮ ವಾರವನ್ನು ಬಾಲಿಗೋ ಸ್ಪೇನ್‌ಗೋ ಎಕ್ಸ್‌ಚೇಂಜ್ ಮಾಡಿಕೊಳ್ಳಿ, ನಾಲ್ಕು ಸಾವಿರ ರೆಸಾರ್ಟ್ ಇವೆ.’ ಅಷ್ಟು ರೆಸಾರ್ಟ್‌ಗಳಿರುವುದು ನಿಜವೇ. ಆದರೆ ಅವುಗಳಲ್ಲಿ ಒಂದರ ಬಾಗಿಲಾದರೂ ನೀವು ಕೇಳಿದ ತಾರೀಖಿಗೆ ತೆರೆದೇ ತೆರೆಯುತ್ತದೆ ಎಂದು ಯಾರೂ ಕಾಗದದಲ್ಲಿ ಬರೆದುಕೊಡುವುದಿಲ್ಲ. ಲಕ್ಷಗಟ್ಟಲೆ ಹಣ ಕಟ್ಟುವ ಮೊದಲು ತಿಳಿಯಬೇಕಾದ ಈ ಸಂಗತಿ ಬಹಳಷ್ಟು ಕುಟುಂಬಗಳಿಗೆ ತಿಳಿಯುವುದು ಕಟ್ಟಿದ ಮೇಲೆ.

ಮೊದಲು, ಕೊಂಡದ್ದೇನು ಎಂಬುದನ್ನು ನೋಡೋಣ. ರೆಸಾರ್ಟ್‌ನ ಒಂದು ಕೋಣೆಯ ವರ್ಷವನ್ನು ವಾರಗಳಾಗಿ ಒಡೆದು ಬೇರೆ ಬೇರೆಯವರಿಗೆ ಮಾರುವ ಪದ್ಧತಿಯೇ ಟೈಮ್‌ಶೇರ್. ಯುರೋಪಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ವ್ಯವಹಾರವನ್ನು ನಮ್ಮಲ್ಲಿ ಬೆಳೆಸಿದ್ದು 1986ರಲ್ಲಿ ಚೆನ್ನೈಯಲ್ಲಿ ಶುರುವಾದ ಸ್ಟರ್ಲಿಂಗ್ ಮತ್ತು ಅದರ ಹತ್ತು ವರ್ಷದ ನಂತರ ಬಂದ ಮಹೀಂದ್ರಾ ಹಾಲಿಡೇಸ್. ಅಮೆರಿಕದಲ್ಲಿ ಎಷ್ಟೋ ಕಡೆ ಟೈಮ್‌ಶೇರ್ ವಾರಕ್ಕೆ ಸ್ಥಿರಾಸ್ತಿಯಂತೆ ಕ್ರಯಪತ್ರವಾಗುತ್ತದೆ. ಭಾರತದಲ್ಲಿ ಮಾರಾಟವಾಗುವುದು ಬಹುಪಾಲು ಬಳಕೆಯ ಹಕ್ಕು ಮಾತ್ರ. 10, 15 ಅಥವಾ 25 ವರ್ಷ, ವರ್ಷಕ್ಕೆ ಇಷ್ಟು ರಾತ್ರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಿಲ್ಲ, ನಿಮ್ಮ ಹೆಸರಿಗೆ ಖಾತೆಯಿಲ್ಲ. ಬ್ರೋಷರ್‌ನಲ್ಲಿ ‘ಓನರ್’ ಎಂದಿದ್ದರೂ ಕಾನೂನಿನ ಕಣ್ಣಿಗೆ ನೀವು ಸೇವೆ ಕೊಂಡ ಗ್ರಾಹಕರು. ಇದರಿಂದ ಒಂದು ಅನುಕೂಲವೂ ಇದೆ: ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಪೂರ್ತಿಯಾಗಿ ನಿಮ್ಮ ಬೆನ್ನಿಗಿದೆ.

ಇನ್ನು ವಿನಿಮಯ. ಇದರಲ್ಲಿ ಜಗತ್ತಿನಾದ್ಯಂತ ಎರಡು ಹೆಸರು ದೊಡ್ಡವು: 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಆರಂಭವಾದ ಆರ್‌ಸಿಐ, 1976ರಲ್ಲಿ ಬಂದ ಇಂಟರ್‌ವಲ್ ಇಂಟರ್‌ನ್ಯಾಷನಲ್. ಹಳ್ಳಿಯ ಮುಯ್ಯಾಳಿನ ಲೆಕ್ಕ ಗೊತ್ತಿದ್ದವರಿಗೆ ಈ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ವ್ಯತ್ಯಾಸವಿಷ್ಟೇ: ಇಲ್ಲಿ ಇಬ್ಬರು ನೇರವಾಗಿ ಅದಲುಬದಲು ಮಾಡಿಕೊಳ್ಳುವುದಿಲ್ಲ. ನಿಮ್ಮ ವಾರವನ್ನು ವಿನಿಮಯ ಕಂಪನಿಯ ಸಾಮಾನ್ಯ ಖಾತೆಗೆ ‘ಡಿಪಾಸಿಟ್’ ಮಾಡುತ್ತೀರಿ. ಅದಕ್ಕೊಂದು ಬೆಲೆ ಕಟ್ಟುತ್ತಾರೆ. ಆ ಬೆಲೆಯಷ್ಟರೊಳಗೆ ಬೇರೆಯವರು ಹಾಕಿದ ವಾರಗಳಲ್ಲಿ ಒಂದನ್ನು ನೀವು ಆರಿಸಿಕೊಳ್ಳಬಹುದು.

ಆ ಬೆಲೆಗೆ ‘ಟ್ರೇಡಿಂಗ್ ಪವರ್’ ಎನ್ನುತ್ತಾರೆ. ಆರ್‌ಸಿಐ ವಾರಗಳಿಗೆ ಇದನ್ನು ಅಂಕಿಯಲ್ಲಿ ಸದಸ್ಯರಿಗೆ ತೋರಿಸತೊಡಗಿದ್ದು 2010ರಲ್ಲಿ. ಅದಕ್ಕೂ ಮೊದಲು ತಮ್ಮ ವಾರದ ತೂಕವೆಷ್ಟು ಎಂಬುದು ಸದಸ್ಯರಿಗೆ ಊಹೆಯ ವಿಷಯವಾಗಿತ್ತು. ಬೆಲೆ ನಿಲ್ಲುವುದು ರೆಸಾರ್ಟ್‌ಗೆ ಎಷ್ಟು ಬೇಡಿಕೆಯಿದೆ, ಯಾವ ಸೀಸನ್, ಎಷ್ಟು ದೊಡ್ಡ ಕೋಣೆ, ರೆಸಾರ್ಟ್‌ನ ದರ್ಜೆ ಯಾವುದು, ಎಷ್ಟು ಮೊದಲೇ ಡಿಪಾಸಿಟ್ ಮಾಡಿದಿರಿ ಎಂಬುದರ ಮೇಲೆ. ಒಂದು ಉದಾಹರಣೆ ನೋಡಿ. ಮೈಸೂರಿನ ಶಿಕ್ಷಕ ದಂಪತಿ ಮಳೆಗಾಲದ ಸೀಸನ್ನಿನ ಒಂದು ಚಿಕ್ಕ ಸ್ಟುಡಿಯೋ ಕೋಣೆಯ ಸದಸ್ಯತ್ವ ಕೊಂಡಿದ್ದಾರೆನ್ನಿ. ಜುಲೈಯ ಮಡಿಕೇರಿಯ ವಾರವನ್ನು ಹಾಕಿ ಡಿಸೆಂಬರ್ ಕೊನೆಯ ಗೋವಾ ಕೇಳಿದರೆ ಅವರಿಗೆ ಸಿಗುವುದು ದುರ್ಲಭ. ಅದೇ ದಂಪತಿ ಮೇ ತಿಂಗಳ ಎರಡು ಬೆಡ್‌ರೂಮಿನ ವಾರವನ್ನು ಒಂಬತ್ತು ತಿಂಗಳು ಮೊದಲೇ ಹಾಕಿದ್ದರೆ ಕತೆ ಬೇರೆಯಾಗುತ್ತಿತ್ತು. ಹಾಲ್‌ನಲ್ಲಿ ಭೂಪಟ ತೋರಿಸುವಾಗ ಈ ಲೆಕ್ಕವನ್ನು ಹೇಳುವವರು ಅಪರೂಪ. ಅತಿ ಕಡಿಮೆ ಬೆಲೆಯ ಸೀಸನ್ನನ್ನು ಮಾರುತ್ತಲೇ ಅತಿ ದುಬಾರಿ ಜಾಗದ ಚಿತ್ರ ತೋರಿಸುವುದು ನನ್ನ ದೃಷ್ಟಿಯಲ್ಲಿ ಈ ವ್ಯವಹಾರದ ಅತಿ ದೊಡ್ಡ ಅನ್ಯಾಯ.

ಡಿಪಾಸಿಟ್ ಮಾಡಿದ ವಾರ ಮರಳಿ ಬರುವುದಿಲ್ಲ, ಇದನ್ನು ನೆನಪಿಡಿ. ಅದಕ್ಕೆ ಪ್ರತಿಯಾಗಿ ಸಿಕ್ಕ ಅಂಕಕ್ಕೂ ಅವಧಿಯಿದೆ. ಅಷ್ಟರೊಳಗೆ ಬಳಸದಿದ್ದರೆ ಹೋಯಿತು, ಇಲ್ಲವೇ ಮತ್ತೆ ಶುಲ್ಕ ಕಟ್ಟಿ ಮುಂದೂಡಬೇಕು. ಇಂಟರ್‌ವಲ್‌ನಂಥ ಕಡೆ ಇನ್ನೊಂದು ದಾರಿಯೂ ಇದೆ. ಮೊದಲು ಕೋರಿಕೆ ಸಲ್ಲಿಸಿ, ಒಪ್ಪಿಗೆಯಾದ ಮೇಲಷ್ಟೇ ನಿಮ್ಮ ವಾರ ಬಿಟ್ಟುಕೊಡುವುದು. ನಿಮ್ಮ ಯೋಜನೆಯಲ್ಲಿ ಈ ಅವಕಾಶವಿದ್ದರೆ ಅದನ್ನೇ ಹಿಡಿಯಿರಿ. ಸದಸ್ಯರು ಹಾಕಿದ ವಾರಗಳನ್ನು ವಿನಿಮಯ ಕಂಪನಿ ಹೊರಗಿನವರಿಗೆ ಬಾಡಿಗೆಗೂ ಕೊಡಬಹುದೇ ಎಂಬುದು ಹಳೆಯ ತಕರಾರು. ಒಳ್ಳೆಯ ವಾರಗಳನ್ನೆಲ್ಲ ಬಾಡಿಗೆಗೆ ಬಿಟ್ಟು ಸದಸ್ಯರಿಗೆ ಉಳಿದದ್ದನ್ನು ಕೊಡಲಾಗುತ್ತಿದೆ ಎಂಬ ಆರೋಪದ ಮೇಲೆ ಆರ್‌ಸಿಐ ವಿರುದ್ಧ 2006ರಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಸದಸ್ಯರು ಸಾಮೂಹಿಕ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ನಿಮ್ಮ ನಿಯಮಾವಳಿಯಲ್ಲಿ ಬಾಡಿಗೆಯ ಬಗ್ಗೆ ಏನಿದೆ ಎಂದು ಹುಡುಕಿ ಓದುವುದಕ್ಕೆ ಇಷ್ಟು ಕಾರಣ ಸಾಕು.

ಕಾನೂನಿನ ಮುಖ್ಯ ಗಂಟು ಇರುವುದು ಇಲ್ಲಿ. ಒಂದೇ ಫೈಲಿನಲ್ಲಿ ನೀವು ಸಹಿ ಹಾಕುವುದು ಎರಡು ಬೇರೆ ಬೇರೆ ಕರಾರುಗಳಿಗೆ. ಒಂದು ರೆಸಾರ್ಟ್ ಕಂಪನಿಯೊಂದಿಗೆ, ಇನ್ನೊಂದು ವಿನಿಮಯ ಕಂಪನಿಯೊಂದಿಗೆ. ಬಾಲಿ ಸಿಗಲಿಲ್ಲವೆಂದು ರೆಸಾರ್ಟ್ ಕಂಪನಿಗೆ ದೂರಿದರೆ ‘ಅದು ವಿನಿಮಯ ಕಂಪನಿಯ ಸೇವೆ’ ಎನ್ನುತ್ತಾರೆ. ವಿನಿಮಯ ಕಂಪನಿಯನ್ನು ಕೇಳಿದರೆ ‘ಲಭ್ಯತೆಗೆ ಒಳಪಟ್ಟು’ ಎಂಬ ಷರತ್ತನ್ನು ತೋರಿಸುತ್ತಾರೆ. ಇಬ್ಬರೂ ಹೇಳುವುದು ಕಾಗದದ ಪ್ರಕಾರ ಸರಿ, ನಡುವೆ ನಿಂತವರು ನೀವು. ವಿನಿಮಯದ ಸದಸ್ಯತ್ವ ಮೊದಲ ಒಂದೆರಡು ವರ್ಷ ಉಚಿತವಾಗಿರುತ್ತದೆ, ಆಮೇಲೆ ನವೀಕರಣ ಶುಲ್ಕ. ಪ್ರತಿ ವಿನಿಮಯಕ್ಕೆ ಪ್ರತ್ಯೇಕ ಶುಲ್ಕ. ನಿಮ್ಮ ಬದಲು ಅಣ್ಣನೋ ಮಗಳೋ ಹೋಗುವುದಾದರೆ ಅತಿಥಿ ಪ್ರಮಾಣಪತ್ರಕ್ಕೆ ಇನ್ನೊಂದು ಶುಲ್ಕ. ರೆಸಾರ್ಟ್‌ನ ವಾರ್ಷಿಕ ನಿರ್ವಹಣಾ ಶುಲ್ಕ ಬಾಕಿಯಿದ್ದರೆ ವಾರವನ್ನು ಡಿಪಾಸಿಟ್ ಮಾಡಲೂ ಆಗದು. ನಿಮ್ಮ ರೆಸಾರ್ಟ್ ಕಂಪನಿಗೂ ವಿನಿಮಯ ಕಂಪನಿಗೂ ಇರುವ ಸಂಬಂಧ ಕಡಿದುಹೋದರೆ ವಿನಿಮಯದ ಸೌಲಭ್ಯವೂ ಅದರೊಂದಿಗೆ ಹೋಗುತ್ತದೆ. ಮೆಕ್ಸಿಕೊ, ಕೆರಿಬಿಯನ್ ಕಡೆಯ ಕೆಲವು ರೆಸಾರ್ಟ್‌ಗಳು ಊಟ ಸೇರಿದ ಕಡ್ಡಾಯ ಶುಲ್ಕವನ್ನು ಅಲ್ಲಿಯೇ ವಸೂಲಿ ಮಾಡುತ್ತವೆ; ಕೋಣೆ ‘ಉಚಿತ’ ಎಂದುಕೊಂಡು ಹೋದವರಿಗೆ ಅದು ದೊಡ್ಡ ಪೆಟ್ಟು.

ಸಹಿಗೆ ಮುನ್ನ ಒಂದು ಕೂಡಿಕೆ ಮಾಡಿ ನೋಡಿ. 25 ವರ್ಷಕ್ಕೆ 5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಬಡ್ಡಿ ಬಿಟ್ಟರೂ ವರ್ಷಕ್ಕೆ 20,000. ನಿರ್ವಹಣಾ ಶುಲ್ಕ 20,000, ವಿನಿಮಯ ಶುಲ್ಕ 12,000 ಎಂದಾದರೆ ಒಟ್ಟು 52,000. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ ಸುಮಾರು 7,400 ರೂಪಾಯಿ. ವಿಮಾನದ ಟಿಕೆಟ್ಟು, ಊಟ ಇದರಲ್ಲಿಲ್ಲ. ಈ ಅಂಕಿಗಳ ಜಾಗದಲ್ಲಿ ನಿಮಗೆ ಹೇಳಿದ ಅಂಕಿಗಳನ್ನು ಹಾಕಿಕೊಳ್ಳಿ.

ನಮ್ಮ ದೇಶದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಉದ್ಯಮದವರದೇ ಸಂಘವಾದ ಏರ್ಡಾ ತನ್ನ ಸದಸ್ಯ ಕಂಪನಿಗಳಿಗೆ ನೀತಿಸಂಹಿತೆ ಇಟ್ಟಿದೆ, ಆದರೆ ಅದಕ್ಕೆ ಕಾನೂನಿನ ಅಧಿಕಾರವಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2008ರ ನಿರ್ದೇಶನದ ಪ್ರಕಾರ ಟೈಮ್‌ಶೇರ್‌ಗೂ ವಿನಿಮಯ ಕರಾರಿಗೂ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯುವ ಹಕ್ಕಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವಂತಿಲ್ಲ, ಟೈಮ್‌ಶೇರ್ ರದ್ದಾದರೆ ಅದಕ್ಕೆ ಅಂಟಿದ ವಿನಿಮಯ ಕರಾರೂ ತಾನಾಗಿ ರದ್ದು. ಅಮೆರಿಕದ ಫ್ಲೋರಿಡಾದಲ್ಲಿ ಈ ಅವಧಿ 10 ದಿನ. ಒರ್ಲಾಂಡೊಗೆ ಮಕ್ಕಳೊಂದಿಗೆ ಹೋಗಿ ಅಲ್ಲಿ ಸಹಿ ಹಾಕಿಬರುವ ಅಮೆರಿಕನ್ನಡಿಗರು ಇದನ್ನು ತಿಳಿದಿರಲಿ. ನಮ್ಮಲ್ಲಿ ಇಂಥ ಅವಧಿ ಇದ್ದರೆ ಅದು ಕರಾರಿನಲ್ಲಿ ಬರೆದಷ್ಟು ಮಾತ್ರ. ಆದ್ದರಿಂದ ಸಹಿ ಹಾಕಿದ ರಾತ್ರಿಯೇ ಕೂತು ರದ್ದತಿಯ ಷರತ್ತನ್ನು ಓದಿ. ಅವಧಿ ಇದ್ದು ಮನಸ್ಸು ಬದಲಾಗಿದ್ದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ಕಳಿಸಿ.

ಮಾರಾಟದ ಹಾಲ್‌ನಲ್ಲಿ ಒಂದು ಬಿಳಿ ಹಾಳೆ ಇರುತ್ತದೆ. ಪ್ರತಿನಿಧಿ ಅದರ ಮೇಲೆ ಪೆನ್ನಿನಲ್ಲಿ ಬರೆಯುತ್ತಾ ಹೋಗುತ್ತಾರೆ: ಇಷ್ಟು ರಾತ್ರಿ, ಇಷ್ಟು ದೇಶ, ವಿನಿಮಯ ‘ಫ್ರೀ’, ಬೇಡವಾದರೆ ಮಾರಿಬಿಡಬಹುದು. ಏಳುವಾಗ ಆ ಹಾಳೆ ಅವರ ಫೈಲಿಗೆ ಸೇರುತ್ತದೆ, ನಿಮಗೆ ಸಿಗುವ ಕರಾರಿನಲ್ಲಿ ‘ಬಾಯಿಮಾತಿನ ಭರವಸೆಗಳಿಗೆ ಕಂಪನಿ ಹೊಣೆಯಲ್ಲ’ ಎಂಬ ಸಾಲಿರುತ್ತದೆ. ಆ ಹಾಳೆಯನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಫೋಟೊ ತೆಗೆದುಕೊಳ್ಳಿ. ಮರುದಿನವೇ ಕಂಪನಿಯ ಅಧಿಕೃತ ವಿಳಾಸಕ್ಕೆ ಒಂದು ಇಮೇಲ್ ಬರೆಯಿರಿ: ‘ನಿನ್ನೆ ನಿಮ್ಮ ಪ್ರತಿನಿಧಿ ನನಗೆ ಹೀಗೀಗೆ ಹೇಳಿದರು, ತಪ್ಪಿದ್ದರೆ ತಿಳಿಸಿ.’ ಮುಂದೆ ಗ್ರಾಹಕ ಆಯೋಗದ ಎದುರು ನಿಂತಾಗ ನಿಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಕಾಗದ ಅದೇ ಆದೀತು. ಬಹುಮಾನದ ಆಸೆ ತೋರಿಸಿ ಕೊಡದೇ ಇರುವುದು, ಕಟ್ಟಿಸಿಕೊಂಡ ಹಣದಲ್ಲೇ ಸೇರಿದ್ದನ್ನು ಉಚಿತ ಎಂದು ನಂಬಿಸುವುದು, ಸೇವೆಯ ಬಗ್ಗೆ ಸುಳ್ಳು ಹೇಳುವುದು, ಇವೆಲ್ಲ 2019ರ ಕಾಯ್ದೆಯ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ದೂರಿನ ವಿಷಯಕ್ಕೆ ಬರೋಣ. ಮೊದಲು ರೆಸಾರ್ಟ್ ಕಂಪನಿ, ವಿನಿಮಯ ಕಂಪನಿ ಇಬ್ಬರಿಗೂ ಲಿಖಿತ ದೂರು, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕಟ್ಟಿದ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಲೆಕ್ಕಕ್ಕೆ ಬರುವುದು ಕೇಳುವ ಪರಿಹಾರದ ಮೊತ್ತವಲ್ಲ, ಕೊಟ್ಟ ಹಣ. ಅದು 5 ಲಕ್ಷ ಮೀರದಿದ್ದರೆ ದೂರಿಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ‘ವ್ಯಾಜ್ಯವೇನಿದ್ದರೂ ಮುಂಬೈ ನ್ಯಾಯಾಲಯದಲ್ಲಿ’ ಎಂಬ ಸಾಲನ್ನು ಕಂಡು ಎದೆಗುಂದುವವರು ಬಹಳ. ಕಲಂ 34ರ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಹಾವೇರಿಯವರು ಹಾವೇರಿಯಲ್ಲೇ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು.

ದೂರಿನಲ್ಲಿ ರೆಸಾರ್ಟ್ ಕಂಪನಿಯನ್ನೂ ವಿನಿಮಯ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಹೊಣೆಯನ್ನು ಗೈರುಹಾಜರಾದವರ ತಲೆಗೆ ಕಟ್ಟುತ್ತಾರೆ. ಎದುರುದಾರರು ನೋಟಿಸ್ ತಲುಪಿದ 30 ದಿನದಲ್ಲಿ ಉತ್ತರಿಸಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಇಂಥ ತಾರೀಖಿಗೆ ಕೋರಿದೆ, ಇಂಥ ಉತ್ತರ ಬಂತು ಎಂಬ ಪಟ್ಟಿ, ವಿನಿಮಯ ಕಂಪನಿಯ ಪೋರ್ಟಲ್‌ನ ಸ್ಕ್ರೀನ್‌ಶಾಟ್, ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವನ್ನೂ ಲಗತ್ತಿಸಿ; ಇಂಥ ವಿದ್ಯುನ್ಮಾನ ದಾಖಲೆಗಳೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನೂ ಇಡಿ. ಬರೀ ‘ಬಾಲಿ ಸಿಗಲಿಲ್ಲ’ ಎಂದರೆ ದೂರು ನಿಲ್ಲುವುದು ಕಷ್ಟ. ‘ಸಿಗುತ್ತದೆ ಎಂದು ನಂಬಿಸಿದರು, ಷರತ್ತನ್ನು ಮುಚ್ಚಿಟ್ಟರು, ಇಷ್ಟು ಕೋರಿಕೆಗಳಿಗೆ ಒಂದನ್ನೂ ಕೊಡಲಿಲ್ಲ’ ಎಂದು ದಾಖಲೆಯೊಂದಿಗೆ ತೋರಿಸಿದರೆ ಹಣ ಬಡ್ಡಿಯೊಂದಿಗೆ ವಾಪಸು, ಪರಿಹಾರ, ಖರ್ಚು ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಕರಾರೇ ಒಂದು ಕಡೆಗೆ ವಾಲಿದೆ, ಅದರ ಷರತ್ತನ್ನೇ ಅಸಿಂಧುಗೊಳಿಸಬೇಕು ಎಂಬ ಬೇಡಿಕೆಯಿದ್ದರೆ ರಾಜ್ಯ ಆಯೋಗಕ್ಕೆ ಹೋಗಬೇಕು. ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ.

ಕಾಲಮಿತಿ ಎರಡು ವರ್ಷ. ಕಂಪನಿಗೆ ಪತ್ರದ ಮೇಲೆ ಪತ್ರ ಬರೆಯುತ್ತಾ ಕೂತರೆ ಅವಧಿ ಲಂಬಿಸುವುದಿಲ್ಲ. ಸದಸ್ಯತ್ವವನ್ನು ಇಎಂಐ ಮೇಲೆ ಕೊಂಡಿದ್ದರೆ ಆ ಸಾಲ ಹಣಕಾಸು ಸಂಸ್ಥೆಯೊಂದಿಗಿನ ಮೂರನೆಯ ಕರಾರು. ಸಿಟ್ಟಿನಿಂದ ಕಂತು ನಿಲ್ಲಿಸಿದರೆ ಸಿಬಿಲ್ ಅಂಕ ಕೆಡುವುದು ನಿಮ್ಮದೇ.

ಮೂರು ವರ್ಷ ಹಣ ಕಟ್ಟಿ, ರಜೆ ಬಳಸದಿದ್ದರೆ ಬಡ್ಡಿ ಸೇರಿಸಿ ವಾಪಸು ಕೊಡುತ್ತೇವೆ ಎನ್ನುವ ‘ಹಾಲಿಡೇ ಪ್ಲಾನ್’ ಎದುರಾದರೆ ಅದು ಬೇರೆಯೇ ಪ್ರಾಣಿ. ಅಂಥ ಯೋಜನೆಗಳನ್ನು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ತೀರ್ಮಾನಿಸಿ ಸೆಬಿ 2015ರಲ್ಲಿ ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್‌ಗೆ ಹಣ ಮರಳಿಸಲು ಆದೇಶಿಸಿತು.

ಸದಸ್ಯತ್ವ ಬೇಸರವಾಗಿ ಮಾರಲು ಹೊರಟವರನ್ನು ಕಾಯುವ ವಂಚಕರೂ ಇದ್ದಾರೆ. ‘ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಸಿದ್ಧ, ಎಂಟು ಲಕ್ಷಕ್ಕೆ ಕೊಳ್ಳುತ್ತಾರೆ, ಎನ್‌ಒಸಿ ಮತ್ತು ಜಿಎಸ್‌ಟಿಗೆಂದು ಇಷ್ಟು ಕಳಿಸಿ’ ಎಂಬ ಕರೆ ಬರುತ್ತದೆ. ನಿಮ್ಮ ಸದಸ್ಯತ್ವದ ಸಂಖ್ಯೆಯನ್ನೂ ಸರಿಯಾಗಿ ಹೇಳುತ್ತಾರೆ, ಅದರಿಂದಲೇ ನಂಬಿಕೆ ಬರುವುದು. ವರ್ಗಾವಣೆ ನಡೆಯುವುದಿದ್ದರೆ ಅದು ಮೂಲ ಕಂಪನಿಯ ಕಚೇರಿಯಲ್ಲಿ, ಅದರ ಲಿಖಿತ ಒಪ್ಪಿಗೆಯಿಂದ; ಕೊಳ್ಳುವವರ ಪರವಾಗಿ ಮಾರುವವರೇ ಮುಂಗಡ ಕಟ್ಟುವ ಪದ್ಧತಿ ಎಲ್ಲೂ ಇಲ್ಲ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಂಚಕರ ಖಾತೆಯಿಂದ ಹಣ ಮುಂದೆ ಜಾರುವ ಮೊದಲು ದೂರು ದಾಖಲಾದರೆ ಬ್ಯಾಂಕು ಅದನ್ನು ತಡೆಹಿಡಿಯಲು ಸಾಧ್ಯವಾಗುತ್ತದೆ. ಅನಂತರ ಸಮೀಪದ ಸೈಬರ್ ಅಪರಾಧ ಠಾಣೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಡಿ ವಂಚನೆಯ ದೂರು ಕೊಟ್ಟು, ಎಫ್‌ಐಆರ್ ಪ್ರತಿಯನ್ನು ನಿಮ್ಮ ಬ್ಯಾಂಕಿಗೂ ರೆಸಾರ್ಟ್ ಕಂಪನಿಗೂ ತಲುಪಿಸಿ.