ತೂಕ ಸರಿಯಿದೆಯೆಂದು ಸುಮ್ಮನಿರಬೇಡಿ

‘ಡಾಕ್ಟ್ರೇ, ಇವಳಿಗೆ ಮಂಗನಬಾವು ಇರಬೇಕು’ ಎಂದು ತಾಯಿಯೊಬ್ಬರು ಕಾಲೇಜಿಗೆ ಹೋಗುವ ಮಗಳನ್ನು ಕರೆತಂದಿದ್ದರು. ಎರಡೂ ಕಿವಿಗಳ ಕೆಳಗೆ ಊದಿತ್ತು ನಿಜ. ಆದರೆ ಜ್ವರವಿಲ್ಲ, ನೋವೂ ಇಲ್ಲ. ಬಾಯಿ ತೆರೆಸಿ ನೋಡಿದರೆ ಮೇಲಿನ ಮುಂಬಲ್ಲುಗಳ ಒಳಬದಿ ಸವೆದಿತ್ತು. ಬಲಗೈ ಬೆರಳ ಗೆಣ್ಣುಗಳ ಮೇಲೆ ಚರ್ಮ ದಡ್ಡುಗಟ್ಟಿತ್ತು. ತಾಯಿಯನ್ನು ಹೊರಗೆ ಕೂರಿಸಿ ಮೆಲ್ಲಗೆ ಕೇಳಿದಾಗ ಹುಡುಗಿ ಅತ್ತುಬಿಟ್ಟಳು. ಒಂದು ವರ್ಷದಿಂದ, ತಿಂದದ್ದನ್ನೆಲ್ಲ ಕದ್ದು ವಾಂತಿ ಮಾಡಿಕೊಳ್ಳುತ್ತಿದ್ದಳು.

ಇದು ಬುಲಿಮಿಯಾ ನರ್ವೋಸಾ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಈ ಹೆಸರಿನಲ್ಲಿ ಇದನ್ನು ವಿವರಿಸಿದರು. ಗೆಣ್ಣಿನ ಮೇಲಿನ ಆ ಗುರುತನ್ನು ವೈದ್ಯರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹಿಡಿತ ತಪ್ಪಿ ಒಂದೇ ಸಲಕ್ಕೆ ಬಹಳಷ್ಟು ತಿನ್ನುವುದು, ಆಮೇಲೆ ದಪ್ಪಗಾಗುವ ಭಯದಿಂದ ವಾಂತಿ, ಭೇದಿ ಮಾತ್ರೆ, ಉಪವಾಸ ಇಲ್ಲವೇ ಅತಿಯಾದ ವ್ಯಾಯಾಮ. ವಾರಕ್ಕೊಮ್ಮೆಯಾದರೂ ಹೀಗೆ ಮೂರು ತಿಂಗಳು ನಡೆದರೆ ಕಾಯಿಲೆಯೆಂದೇ ಲೆಕ್ಕ. ಹುಡುಗಿಯರಲ್ಲಿ ಹೆಚ್ಚು, ಹುಡುಗರಿಗೂ ಬರುತ್ತದೆ.

ಮನೆಯವರು ಮೋಸಹೋಗುವುದು ತೂಕ ನೋಡಿ. ಅನೊರೆಕ್ಸಿಯಾದಲ್ಲಿ ಮೈ ಬತ್ತಿಹೋಗುವುದು ಎಲ್ಲರಿಗೂ ಕಾಣುತ್ತದೆ. ಇಲ್ಲಿ ತೂಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಊಟ ಮುಗಿದೊಡನೆ ದಿನವೂ ಬಚ್ಚಲಿಗೆ ಹೋಗಿ ನಲ್ಲಿ ಬಿಡುವುದು, ಡಬ್ಬಿಯ ತಿಂಡಿ ರಾತ್ರೋರಾತ್ರಿ ಖಾಲಿಯಾಗುವುದು, ಎಲ್ಲರೊಡನೆ ಕೂತು ಉಣ್ಣಲು ನೆಪ ಹೇಳುವುದು ಇವನ್ನು ಗಮನಿಸಿ.

ನಿಜವಾದ ಅಪಾಯ ಕಣ್ಣಿಗೆ ಕಾಣದು. ಪದೇ ಪದೇ ವಾಂತಿ, ಭೇದಿಯಾದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ. ಅದು ಲೀಟರಿಗೆ 3.5 ಮಿಲಿಮೋಲಿಗಿಂತ ಕಡಿಮೆಯಾಗಬಾರದು. ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಿ ಜೀವಕ್ಕೆ ಅಪಾಯ. ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು, ಕೈಕಾಲು ಸೋಲುವುದು ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ, ಇ.ಸಿ.ಜಿ. ಮಾಡಿಸಿ. ಇನ್ನೊಂದು ಮಾತು: ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಆಮ್ಲದಿಂದ ಮೆತ್ತಗಾದ ಎನಾಮಲ್ ಇನ್ನಷ್ಟು ಸವೆಯುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು.

ಬೈದು, ಬಚ್ಚಲಿಗೆ ಕಾವಲು ಹಾಕಿದರೆ ಕಾಯಿಲೆ ಇನ್ನೂ ಗುಟ್ಟಾಗುತ್ತದೆ, ಅಷ್ಟೇ. ‘ಸ್ವಲ್ಪ ತೆಳ್ಳಗಾಗು’ ಎಂದು ನೆಂಟರ ಮುಂದೆ ಹೇಳುವ ನಮ್ಮ ಚಾಳಿಯನ್ನು ಮೊದಲು ಬಿಡಬೇಕು. ಒಬ್ಬರೇ ಇದ್ದಾಗ, ಕಂಡದ್ದನ್ನು ಮಾತ್ರ ಹೇಳಿ ಕೇಳಿ. ಯೋಚನೆ, ನಡವಳಿಕೆ ತಿದ್ದುವ ಮನೋಚಿಕಿತ್ಸೆ ಇದಕ್ಕೆ ಮುಖ್ಯ ಮದ್ದು. ಬೇಕಾದರೆ ಮನೋವೈದ್ಯರು ಫ್ಲೂಆಕ್ಸಿಟಿನ್ ಮಾತ್ರೆಯನ್ನೂ ಕೊಡುತ್ತಾರೆ. ಬಹಳ ಮಂದಿ ಗುಣವಾಗುತ್ತಾರೆ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.