ಕ್ರೈಸ್ತ ಸಭೆಗಳೂ ಹೊಸ ಜನರೂ

ಧರ್ಮಸಭೆಯೊಂದು ತನ್ನ ಗೋಡೆಗಳಾಚೆಯ ಜನರನ್ನು ಮುಟ್ಟುವುದು ಹೇಗೆ? ಉಪದೇಶದಿಂದಲೆಂದು ಹಲವರು ಹೇಳುವರು. ಆದರೆ ನಮ್ಮ ನಾಡಿನ ಇತಿಹಾಸವನ್ನು ನೋಡಿದರೆ, ಉಪದೇಶಿಸಬಂದವನು ಮೊದಲು ತಾನೇ ವಿದ್ಯಾರ್ಥಿಯಾಗಬೇಕೆಂದು ನನಗೆ ತೋರುತ್ತದೆ.

ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಜನರ ಮಾತನ್ನರಿಯದೆ ಅವರೊಡನೆ ಬೆರೆಯುವುದು ಸಾಧ್ಯವಿರಲಿಲ್ಲ. ಆದುದರಿಂದ ಕನ್ನಡ ಕಲಿತರು. ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದರಲ್ಲಿ ಊರ ವರ್ತಮಾನಕ್ಕೂ ಕತೆಗಳಿಗೂ ಎಡೆಯಿತ್ತು. ಮುಂದೆ ದಾಸರ ಪದಗಳನ್ನೂ ಅವರು ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ಲರು ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. ಅವರ ಮಹಾನಿಘಂಟು 1894ರಲ್ಲಿ ಬೆಳಕು ಕಂಡಿತು. ಸಭೆಯ ಹೊರಗಿದ್ದ ಕನ್ನಡಿಗರೆಲ್ಲರಿಗೂ ಅದು ಆಸ್ತಿಯಾಯಿತು.

ಇದಕ್ಕೆ ಇನ್ನೊಂದು ಮುಗ್ಗುಲೂ ಉಂಟು. ಸಭೆಗೆ ಸೇರಿದವರಲ್ಲಿ ಅನೇಕರು ಮನೆಯನ್ನೂ ಕುಲದ ಕಸುಬನ್ನೂ ಕಳೆದುಕೊಂಡರು. ಅವರ ಜೀವನೋಪಾಯಕ್ಕೆಂದು ಮಿಶನ್ನು ನೇಯ್ಗೆಯನ್ನೂ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ನಡೆಸಬೇಕಾಯಿತು. ಕರೆದವನಿಗೆ ಬಂದವನ ಹೊಟ್ಟೆಯ ಹೊಣೆಯೂ ಸೇರುತ್ತದೆ. ಆದರೆ ಅನ್ನವೇ ಕರೆಯಾದರೆ, ನಂಬಿ ಬಂದವನ ಪ್ರಾಮಾಣಿಕತೆಯನ್ನೂ ನೆರೆಯವರು ಸಂಶಯಿಸುವರು.

ಹಾಗಾದರೆ ಆಮಿಷವಿಲ್ಲದ ದಾರಿ ಯಾವುದು? ಕೃಷ್ಣೆಯ ದಂಡೆಯ ನಮ್ಮ ಜುಗೂಳಕ್ಕೆ ಮಿರಜ ದೂರವಲ್ಲ. ಕಿಟ್ಟೆಲ್ ನಿಘಂಟು ಹೊರಬಂದ 1894ರಲ್ಲಿಯೇ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಡಾ. ವಿಲಿಯಂ ವಾನ್‌ಲೆಸ್ಸರು ಅಲ್ಲಿ ದವಾಖಾನೆಯನ್ನು ತೆರೆದರು. ಮುಂದೆ ನನ್ನ ಅಜ್ಜಿ ಅಲ್ಲಿ ಕಣ್ಣಿನ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದಳು. ಕಡೆಯತನಕ ಅವಳು ಸವದತ್ತಿ ಎಲ್ಲಮ್ಮನ ಭಕ್ತಳೇ. ಆದರೂ ಆ ದವಾಖಾನೆಯ ಮಾತು ಬಂದಾಗ, “ನನಗ ಬೆಳಕು ಕೊಟ್ಟವರು” ಎಂದು ಕೈ ಮುಗಿಯುತ್ತಿದ್ದಳು. ದೀಕ್ಷಾಸ್ನಾನದ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಅಷ್ಟರಿಂದ ಆ ಸೇವೆ ಅವಳನ್ನು ಮುಟ್ಟಲಿಲ್ಲವೆನ್ನಬಹುದೇ?

ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಮತಪ್ರಚಾರದ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದರೆ ಇನ್ನೊಬ್ಬನನ್ನು ಮತಾಂತರಗೊಳಿಸುವುದು ಹಕ್ಕಲ್ಲವೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹೇಳುವುದು ಒಬ್ಬನ ಸ್ವಾತಂತ್ರ್ಯ, ಒಪ್ಪುವುದು ಬಿಡುವುದು ಕೇಳುವವನ ಸ್ವಾತಂತ್ರ್ಯ. ಇದನ್ನು ಮನಗಂಡ ಸಭೆಯು ಜನರ ಭಾಷೆಯನ್ನು ಕಲಿಯಲಿ, ಅವರ ನೋವನ್ನು ಕೇಳಲಿ, ಪ್ರತಿಫಲವನ್ನು ಎಣಿಸದೆ ದುಡಿಯಲಿ. ಅಂಥವರಿಗೆ ತೆರೆಯದ ಬಾಗಿಲು ನಮ್ಮ ಹಳ್ಳಿಗಳಲ್ಲಿ ಇರಲಾರದೆಂದು ನನ್ನ ನಂಬಿಕೆ. ಈ ಮಾತು ಕ್ರೈಸ್ತ ಸಭೆಗಳಿಗೆ ಮಾತ್ರವಲ್ಲ, ನಾಳೆ ಊರಿಗೆ ಮರಳಿ ಜನಸೇವೆ ಮಾಡಬಯಸುವ ನಮಗೂ ಸಲ್ಲುತ್ತದೆ.