ನೆರವು ನೆಲೆ ನಿಲ್ಲಲು ಏಳು ಸೂತ್ರಗಳು

ಬಡ ದೇಶಕ್ಕೆ ಹಣ ಕೊಡುವುದು ಸುಲಭ. ಆ ಹಣದಿಂದ ಅಲ್ಲಿನ ಆಡಳಿತ ನೆಟ್ಟಗಾಗುವುದು ಕಷ್ಟ. ಹಲವು ದಶಕಗಳ ವಿದೇಶಿ ನೆರವಿನ ಅನುಭವ ಹೇಳುವುದಿಷ್ಟು: ಸುಧಾರಣೆಯನ್ನು ದುಡ್ಡು ಕೊಟ್ಟು ಕೊಳ್ಳಲಾಗದು, ಸುಧಾರಿಸಲು ಹೊರಟವರ ಕೈ ಬಲಪಡಿಸಬಹುದು, ಅಷ್ಟೆ. ಕೊಡುವವರೂ ಪಡೆಯುವವರೂ ಪಾಲಿಸಬೇಕಾದ ಸೂತ್ರಗಳು ಇಲ್ಲಿವೆ.

1. ಮೊದಲು ಕೆಲಸ, ಆಮೇಲೆ ಕಾಸು
2004ರಲ್ಲಿ ಅಮೆರಿಕ ಸ್ಥಾಪಿಸಿದ ಮಿಲೇನಿಯಂ ಚಾಲೆಂಜ್ ಕಾರ್ಪೊರೇಷನ್ (ಎಂಸಿಸಿ) ಹಳೆಯ ಕ್ರಮವನ್ನು ತಲೆಕೆಳಗು ಮಾಡಿತು. ಭ್ರಷ್ಟಾಚಾರ ನಿಯಂತ್ರಣ, ಆರೋಗ್ಯ, ಶಿಕ್ಷಣ, ವ್ಯಾಪಾರ ನೀತಿಗಳಿಗೆ ಹೊರಗಿನ ಸಂಸ್ಥೆಗಳು ಕೊಟ್ಟ ಅಂಕ ನೋಡಿ ದೇಶಗಳನ್ನು ಆರಿಸುವ ಪದ್ಧತಿ ತಂದಿತು. ಆ ಅಂಕಪಟ್ಟಿ ಎಲ್ಲರಿಗೂ ಮುಕ್ತ. ಲೆಸೊಥೊದಲ್ಲಿ ವಿವಾಹಿತ ಮಹಿಳೆ ಗಂಡನ ಒಪ್ಪಿಗೆಯಿಲ್ಲದೆ ಸಾಲ ಪಡೆಯುವಂತಿರಲಿಲ್ಲ. 2006ರಲ್ಲಿ ಆ ದೇಶ ಕಾನೂನು ಬದಲಿಸಿ ಅವಳಿಗೆ ಸಮಾನ ಹಕ್ಕು ಕೊಟ್ಟಿತು. 36 ಕೋಟಿ ಡಾಲರಿಗೂ ಮೀರಿದ ಅನುದಾನದ ಒಪ್ಪಂದಕ್ಕೆ ಸಹಿ ಬಿದ್ದದ್ದು ಮರುವರ್ಷ.

2. ಒಂದೇ ಮಾತಿಗೆ ಎರಡು ಸಲ ಹಣ ಕೊಡಬೇಡಿ
ಕೀನ್ಯಾ ಸುಮಾರು 15 ವರ್ಷಗಳಲ್ಲಿ ಒಂದೇ ಕೃಷಿ ಸುಧಾರಣೆಯ ಭರವಸೆಯನ್ನು ವಿಶ್ವಬ್ಯಾಂಕಿಗೆ ನಾಲ್ಕು ಬಾರಿ ಮಾರಿತು. ಪ್ರತಿ ಬಾರಿಯೂ ಹಣ ಬಂತು, ಸುಧಾರಣೆ ಹಿಂದೆ ಸರಿಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ!

3. ಲೆಕ್ಕವನ್ನು ಗೋಡೆಗೆ ಅಂಟಿಸಿ
1991ರಿಂದ 95ರವರೆಗೆ ಉಗಾಂಡದ ಸರ್ಕಾರ ಶಾಲೆಗಳ ಖರ್ಚಿಗೆಂದು ಕೊಟ್ಟ ತಲಾ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ನೂರಕ್ಕೆ 13 ಮಾತ್ರ. ಉಳಿದದ್ದು ಜಿಲ್ಲಾ ಹಂತದಲ್ಲೇ ಕರಗುತ್ತಿತ್ತು. ಸಮೀಕ್ಷೆಯಿಂದ ಇದು ಬಯಲಾದ ಮೇಲೆ ಪ್ರತಿ ತಿಂಗಳ ಬಿಡುಗಡೆಯ ಮೊತ್ತ ಪತ್ರಿಕೆಗಳಲ್ಲಿ ಅಚ್ಚಾಯಿತು, ಶಾಲೆಯ ಫಲಕದ ಮೇಲೂ ಬಂತು. ಕೆಲವೇ ವರ್ಷಗಳಲ್ಲಿ ಶಾಲೆ ತಲುಪುವ ಪಾಲು ನೂರಕ್ಕೆ 80 ದಾಟಿತು. ಅಪ್ಪ ಅಮ್ಮಂದಿರಿಗೆ ಲೆಕ್ಕ ಗೊತ್ತಾದರೆ ಕದಿಯುವವನ ಕೈ ನಡುಗುತ್ತದೆ. ಇಷ್ಟು ಅಗ್ಗದ ಸುಧಾರಣೆ ಬೇರೊಂದಿಲ್ಲ.

4. ಕಾಯ್ದೆಗೆ ಒಳಗಿನ ಬೇರು ಇರಲಿ
ತೈಲದ ಆದಾಯವನ್ನು ಬಡವರಿಗೂ ಮುಂದಿನ ಪೀಳಿಗೆಗೂ ಮೀಸಲಿಡುವ ಕಾಯ್ದೆಯನ್ನು ಚಾಡ್ 1999ರಲ್ಲಿ ಮಾಡಿದ್ದು ವಿಶ್ವಬ್ಯಾಂಕಿನ ಒತ್ತಾಯಕ್ಕೆ. ತೈಲದ ದುಡ್ಡು ಕೈ ತುಂಬಿದ್ದೇ ತಡ, ಕಾಯ್ದೆ ಸಡಿಲವಾಯಿತು. 2008ರಲ್ಲಿ ಬ್ಯಾಂಕಿನ ಸಾಲ ತೀರಿಸಿ ಚಾಡ್ ಕೈ ತೊಳೆದುಕೊಂಡಿತು. ನಮ್ಮ ಕರ್ನಾಟಕದ ಕಥೆ ಬೇರೆ. 2001ರಲ್ಲಿ ವಿಶ್ವಬ್ಯಾಂಕ್ ರಾಜ್ಯಕ್ಕೆ ಆರ್ಥಿಕ ಪುನರ್ರಚನೆಯ ಸಾಲ ನೀಡಿತು. 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು, ದೇಶದಲ್ಲೇ ಮೊದಲ ರಾಜ್ಯವಾಗಿ. ಆ ಕಾಯ್ದೆ ಇಂದಿಗೂ ಇದೆ. ಸರ್ಕಾರಗಳು ಬದಲಾದರೂ ಬಜೆಟ್ ಜೊತೆ ಮಧ್ಯಮಾವಧಿ ವಿತ್ತೀಯ ಯೋಜನೆ ಮಂಡನೆಯಾಗುತ್ತಲೇ ಇದೆ.

5. ನಿಲ್ಲಿಸುವ ಧೈರ್ಯ ಇರಲಿ
ಕ್ಷಿಪ್ರಕ್ರಾಂತಿ ನಡೆದಾಗ ಎಂಸಿಸಿ 2009ರಲ್ಲಿ ಮಡಗಾಸ್ಕರ್, 2012ರಲ್ಲಿ ಮಾಲಿ ಜೊತೆಗಿನ ಒಪ್ಪಂದ ಮುರಿಯಿತು. ಘಾನಾ 2019ರಲ್ಲಿ ವಿದ್ಯುತ್ ವಿತರಣೆಯ ಖಾಸಗಿ ಗುತ್ತಿಗೆ ರದ್ದು ಮಾಡಿದಾಗ 19 ಕೋಟಿ ಡಾಲರ್ ಹಿಂದಕ್ಕೆ ಹೋಯಿತು. ಇದಕ್ಕೆ ವ್ಯತಿರಿಕ್ತವಾಗಿ, ಶೀತಲ ಸಮರದ ಕಾಲದಲ್ಲಿ ಜೈರ್‌ನ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಸರ್ವಾಧಿಕಾರಿ ಮೊಬುಟು ಲೂಟಿ ಮಾಡುತ್ತಿದ್ದರೂ ಪಾಶ್ಚಾತ್ಯರ ನೆರವು ಹರಿಯುತ್ತಲೇ ಇತ್ತು. ಆ ದೇಶದ ಜನ ಇನ್ನೂ ಅದರ ಬೆಲೆ ತೆರುತ್ತಿದ್ದಾರೆ.

6. ಮಂತ್ರಿಗಳಿಗಿಂತ ಮೊದಲು ಜನರನ್ನು ಒಪ್ಪಿಸಿ
ವಿದ್ಯುತ್ ಮಾರ್ಗ ಮತ್ತು ರಸ್ತೆಗಳಿಗಾಗಿ ಎಂಸಿಸಿಯ 50 ಕೋಟಿ ಡಾಲರ್ ಅನುದಾನದ ಒಪ್ಪಂದಕ್ಕೆ ನೇಪಾಳ 2017ರಲ್ಲೇ ಸಹಿ ಹಾಕಿತು. ಹಣದ ಹಿಂದೆ ಅಮೆರಿಕದ ಸೈನ್ಯ ಬರುತ್ತದೆಂಬ ಗುಲ್ಲೆದ್ದು ಬೀದಿ ಕಾವೇರಿತು. ಸಂಸತ್ತಿನ ಅನುಮೋದನೆ ಸಿಕ್ಕಿದ್ದು 2022ರ ಫೆಬ್ರವರಿಯಲ್ಲಿ. ಇಂಥದೇ ಅನುಮಾನದಲ್ಲಿ ಶ್ರೀಲಂಕಾದ 48 ಕೋಟಿ ಡಾಲರ್ ಒಪ್ಪಂದ 2020ರಲ್ಲಿ ಬಿದ್ದೇಹೋಯಿತು. ಷರತ್ತುಗಳನ್ನು ಜನರ ಭಾಷೆಯಲ್ಲಿ ಮೊದಲೇ ಮುಂದಿಟ್ಟರೆ ವದಂತಿಗೆ ಜಾಗ ಕಡಿಮೆ.

7. ನೆರವು ಮುಗಿಯುವ ದಿನಕ್ಕೆ ಇಂದೇ ಸಿದ್ಧರಾಗಿ
1966ರಲ್ಲಿ ಸ್ವತಂತ್ರವಾದಾಗ ಬೋಟ್ಸ್‌ವಾನಾದ ದಿನನಿತ್ಯದ ಆಡಳಿತಕ್ಕೂ ಬ್ರಿಟನ್ನಿನ ಅನುದಾನವೇ ಗತಿ. ತನ್ನ ಆದಾಯವನ್ನು ಶಿಸ್ತಿನಿಂದ ಬಳಸಿದ ಆ ದೇಶ 1970ರ ದಶಕದ ಆರಂಭದಲ್ಲೇ ಅದರಿಂದ ಬಿಡಿಸಿಕೊಂಡಿತು. ಯುದ್ಧದ ನಂತರ ಅಮೆರಿಕದ ಧಾನ್ಯ ಉಂಡ ದಕ್ಷಿಣ ಕೊರಿಯಾ 2009ರಲ್ಲಿ ನೆರವು ನೀಡುವ ದೇಶಗಳ ಸಮಿತಿಗೇ ಸೇರಿತು. ತಯಾರಿಲ್ಲದವರ ಪಾಡೇನು? 2025ರ ಜುಲೈ 1ರಂದು ಅಮೆರಿಕದ ಯುಎಸ್‌ಏಡ್ ಸಂಸ್ಥೆಯೇ ಬಾಗಿಲು ಮುಚ್ಚಿತು. ಅದನ್ನೇ ನಂಬಿದ್ದ ಆಸ್ಪತ್ರೆಗಳು ಕಂಗಾಲಾದವು.

ಮುಂದಿನ ಸಲ ಯಾವುದೋ ದೇಶಕ್ಕೆ ಇಷ್ಟು ಕೋಟಿ ನೆರವು ಎಂಬ ಸುದ್ದಿ ಓದಿದಾಗ ಮೊತ್ತ ನೋಡಿ ಬೆರಗಾಗಬೇಡಿ. ಮೂರು ಪ್ರಶ್ನೆ ಕೇಳಿ: ಸುಧಾರಣೆ ಯಾರಿಗೆ ಬೇಕಾಗಿದೆ? ಲೆಕ್ಕ ಯಾರಿಗೆ ಕಾಣುತ್ತದೆ? ಹಣ ನಿಂತ ಮೇಲೆ ಏನು ಉಳಿಯುತ್ತದೆ? ಮೂರಕ್ಕೂ ಉತ್ತರ ಆ ದೇಶದ ಜನರ ಬಳಿಯೇ ಇದ್ದರೆ ನೆರವು ಫಲಿಸುತ್ತದೆ.